ಹೆಸರು ಕೊರೆದ ರಿಕಾರ್ಡು

೨೦ ಆಗಸ್ಟ್ ೧೯೭೮, ರವಿವಾರ. ಇಂಡಿ

ಇಪ್ಪತ್ತೊಂದು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಹಾಜರಿ ಬರೆದಿದ್ದೇನೆ. ನನ್ನದು ಅಂತ ಒಂದು ಸಾಲು ಬರೆದವಳಲ್ಲ. ಈಗ ಬರೆಯುತ್ತಿದ್ದೇನೆ, ಯಾಕೆಂದರೆ ಈ ಊರಲ್ಲಿ ಯಾರ ಮುಂದೆ ಬಾಯಿ ಬಿಟ್ಟರೂ ಸಂಜೆಯೊಳಗೆ ಆ ಮಾತು ಬಸ್‌ಸ್ಟ್ಯಾಂಡಿಗೆ ಮುಟ್ಟಿರುತ್ತದೆ. ಸಿಟ್ಟನ್ನು ಹೊಟ್ಟೆಯಲ್ಲೇ ಇಟ್ಟುಕೊಂಡರೆ ನನಗೆ ಪಿತ್ತವಾಗುತ್ತದೆ.

ಇವತ್ತು ಮತ್ತೆ ಮೂರು ಮಂದಿ ಕೇಳಿದರು, “ಸೊಸಿ ಇನ್ನೂ ಬರಲಿಲ್ಲೇನ್ರಿ ಅಕ್ಕೋರ?” ಹಾಲಿನವಳು ಕೇಳಿದಳು. ಗಿರಣಿಯಲ್ಲಿ ನನ್ನ ಹಿಂದೆ ಪಾಳಿ ಹಚ್ಚಿದ್ದವಳು ಕೇಳಿದಳು. ಎದುರು ಮನೆಯ ಚನ್ನವ್ವ ಅಂತೂ ಅದನ್ನು ಕೇಳದೆ ಬೆಳಗಿನ ಚಹಾ ಕುಡಿಯುವುದಿಲ್ಲ. ಪಂಚಮಿಗೆ ತವರಿಗೆ ಹೋದ ಹೆಣ್ಣುಮಕ್ಕಳೆಲ್ಲ ಉಂಡಿಯ ಡಬ್ಬಿ ಹೊತ್ತು ಗಂಡನ ಮನೆಗೆ ತಿರುಗಿ ಬಂದಾಯಿತು. ನಮ್ಮ ಬೀಗತಿ ಸಿದ್ದವ್ವನ ಮಗಳಿಗೆ ಮಾತ್ರ ಮುದ್ದೇಬಿಹಾಳದಿಂದ ಇಂಡಿಗೆ ಒಂದು ಬಸ್ಸೂ ಸಿಗುತ್ತಿಲ್ಲ.

ಎಲ್ಲ ಒಂದು ರಿಕಾರ್ಡಿನ ಸಲುವಾಗಿ! ಬರೆಯಲು ನನಗೇ ನಾಚಿಕೆ.

ನಡೆದದ್ದು ಇಷ್ಟೇ. ಪಂಚಮಿಗೆ ವಾರವಿದ್ದಾಗ ಚನ್ನವ್ವ ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆ ಕೊಡ, ತಾಟು, ತಂಬಿಗೆ ಕೇಳಿದಳು. ಜತೆಗೆ ನನ್ನ ಮಗ ಪರಮಾನಂದನ ರಿಕಾರ್ಡ್ ಪ್ಲೇಯರನ್ನೂ, ಮನೆಯಲ್ಲಿದ್ದ ರಿಕಾರ್ಡುಗಳನ್ನೂ ಕೇಳಿದಳು. ಮನೆ ಬಿಟ್ಟು ಹೊರಗೆ ಹೋಗುವ ಸಾಮಾನಿನ ಮೇಲೆ ಮನೆಯವರ ಹೆಸರು ಇರಬೇಕು, ಇದು ನಮ್ಮಲ್ಲಿ ಹಸುಗೂಸಿಗೂ ಗೊತ್ತು. ಹೆಸರಿಲ್ಲದ ತಂಬಿಗೆ ಇವತ್ತಿನವರೆಗೆ ಯಾವ ಕಾರ್ಯದಿಂದಲೂ ತಿರುಗಿ ಬಂದಿಲ್ಲ. ಮದುವೆಯಲ್ಲಿ ಬಂದ ಭಾಂಡೆ ಪಾತ್ರೆಗಳಿಗೆ ಹೇಗೂ ಹೆಸರು ಹಾಕಿಸುವುದಿತ್ತು. ಎಲ್ಲವನ್ನೂ ಚೀಲಕ್ಕೆ ತುಂಬಿ ಭಾಂಡೆ ಅಂಗಡಿಯ ಮುಂದೆ ಉಳಿ ಹಿಡಿದು ಕೂಡುವ ಮಶಾಕಸಾಬನ ಹತ್ತಿರ ಒಯ್ದೆ. ಸೊಸೆ ತವರಿನಿಂದ ತಂದ ರಿಕಾರ್ಡನ್ನೂ ಒಯ್ದೆ. ಅದರ ನಡುವಿನ ಕೆಂಪು ಕಾಗದದ ತುಂಬ ಇಂಗ್ಲಿಷಿನಲ್ಲಿ ಅಚ್ಚು ಹಾಕಿದ್ದರು, ಒಂದಕ್ಷರ ಬರೆಯಲು ಜಾಗವಿರಲಿಲ್ಲ. ಸುತ್ತಲೂ ಕರಿಯ ಭಾಗ ಖಾಲಿ ಇತ್ತು. ಅಲ್ಲಿ ಹೆಸರು ಹೊಡೆದ, ‘ಪ. ಮ. ಬಿರಾದಾರ, ಇಂಡಿ’.

ಮೂರ್ಖ! ನಲವತ್ತು ವರ್ಷದಿಂದ ಉಳಿ ಹಿಡಿದವನಿಗೆ ತಾಟು ಯಾವುದು ರಿಕಾರ್ಡು ಯಾವುದು ಅಂತ ತಿಳಿಯಬಾರದೇ?

ಕಾರ್ಯ ಮುಗಿದು ಎಲ್ಲ ಸಾಮಾನು ಬಂತು, ಒಂದೂ ಕಳೆಯಲಿಲ್ಲ. ಸೊಸೆ ರಿಕಾರ್ಡನ್ನು ಮಷಿನ್ನಿಗೆ ಹಾಕಿ ಮುಳ್ಳು ಇಟ್ಟಳು. ಟಕ್ ಟಕ್ ಟಕ್, ಒಂದೇ ಮಾತು ನಾಲ್ಕು ಸಲ, ಆಮೇಲೆ ಮುಳ್ಳು ಜಿಗಿದು ನಡುವಿಗೆ ಹೋಗಿ ನಿಂತಿತು. ಅವಳು ರಿಕಾರ್ಡು ತೆಗೆದಳು, ಬೆಳಕಿಗೆ ಹಿಡಿದು ಹೆಸರು ಓದಿದಳು, ತಿರುಗಿ ಅದರ ಲಕೋಟೆಯೊಳಗೆ ಹಾಕಿಟ್ಟಳು. ಒಂದು ಮಾತೂ ಆಡಲಿಲ್ಲ. ನಾಲ್ಕು ದಿನ ಮೊದಲಿನ ಹಾಗೇ ರೊಟ್ಟಿ ಬಡಿದಳು. ಅವರಣ್ಣ ಪಂಚಮಿಗೆ ಕರೆಯಲು ಬಂದ, ಹೋದಳು. ಒದರಾಡಿದ್ದರೆ ನಾನೂ ಒದರಾಡುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಮೂಗಿಯ ಹಾಗೆ ಹೋಗಿ ಕೂತರೆ ಏನು ಮಾಡಬೇಕು?

ಅಷ್ಟಕ್ಕೂ ಅದರ ಇನ್ನೊಂದು ಮಗ್ಗುಲು ಹಾಗೇ ಇದೆಯಲ್ಲ.

೨೩ ಆಗಸ್ಟ್, ಬುಧವಾರ

ಶಾಲೆ ಬಿಟ್ಟಮೇಲೆ ಮಶಾಕಸಾಬನನ್ನು ಬೈಯಬೇಕೆಂದೇ ಆ ದಾರಿಯಲ್ಲಿ ಹೋದೆ. ನನ್ನನ್ನು ಕಂಡದ್ದೇ ಎದ್ದು ನಿಂತ. “ಆ ಹಾಡಿಂದು ಏನಾತ್ರಿ ಅಕ್ಕೋರ? ನನಗ ನಿದ್ದಿ ಹತ್ತಿಲ್ರಿ. ಅವತ್ತ ಕೇಳಿದ್ನೆಲ್ರಿ, ಇದರ ಮ್ಯಾಲ ಹೊಡದ್ರ ನಡೀತೈತೇನ್ರಿ ಅಂತ. ನೀವು, ಸಾಲಿ ಕಲಿಸಾಕಿ ನಾನೋ ನೀನೋ, ಹೊಡಿ ಅಂದ್ರಿ.”

ಹೌದು, ಅಂದಿದ್ದೆ. ಈಗ ಸುತ್ತಲಿದ್ದವರ ಮುಂದೆ ಅದನ್ನು ಹೇಳುವ ಕಾರಣ ಏನಿತ್ತು ಅವನಿಗೆ? ಬೈಯಲೂ ಆಗಲಿಲ್ಲ. ಮೈ ಉರಿಸಿಕೊಂಡು ಮನೆಗೆ ಬಂದೆ.

೨೭ ಆಗಸ್ಟ್, ರವಿವಾರ

ಮುದ್ದೇಬಿಹಾಳಕ್ಕೆ ಹೋಗಿಬಂದೆ. ಬಿಜಾಪುರದಲ್ಲಿ ಬಸ್ಸು ಬದಲಿಸಿ, ಬಾಗೇವಾಡಿಯಲ್ಲಿ ಅರ್ಧ ತಾಸು ನಿಂತು, ಸೊಂಟ ಮುರಿದುಹೋಯಿತು. ಪರಮಾನಂದ ಬರಲಿಲ್ಲ. “ಆಕಿ ತಾನಽ ಹೋಗ್ಯಾಳ, ತಾನಽ ಬರಲಿ” ಅಂದ. ಅವನ ಮಾತು ಸರಿಯೇ. ಆದರೂ ಊರ ಬಾಯಿ ಮುಚ್ಚಿಸಬೇಕಲ್ಲ.

ಸಿದ್ದವ್ವ ಅಂಗಳದಲ್ಲೇ ಕೈ ಹಿಡಿದಳು. “ಬರ್ರಿ ಬೀಗರ. ನಮ್ಮ ಹುಡುಗಿ ಏನೂ ಹೇಳವಲ್ಲಳ್ರಿ. ಏನಾಗೈತ್ರಿ?” ಮಗಳು ಹೇಳದ್ದನ್ನು ನಾನು ಯಾಕೆ ಹೇಳಲಿ? ಏನೂ ಆಗಿಲ್ಲ ಅಂದೆ. ಸೊಸೆ ಚಹಾ ತಂದಳು. ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ನಡತೆಯಲ್ಲಿ ತಪ್ಪು ಹುಡುಕಲು ಒಂದು ಸಂದು ಸಿಗಲಿಲ್ಲ, ಅದೇ ನನಗೆ ಇನ್ನಷ್ಟು ಸಿಟ್ಟು ತರಿಸಿತು.

ಸಿದ್ದವ್ವ ಒಳಗೆ ಹೋದಾಗ ಕೇಳಿಯೇಬಿಟ್ಟೆ. ಬಹಳ ದಿನದಿಂದ ತಲೆಯಲ್ಲಿ ಕೊರೆಯುತ್ತಿತ್ತು. ಆ ರಿಕಾರ್ಡಿನ ಲಕೋಟೆಯ ಮೇಲೆ ಒಂದು ಚಿತ್ರವಿದೆ. ಜಡೆ ಹಾಕುವಷ್ಟು ಕೂದಲು ಬಿಟ್ಟ ನಾಲ್ವರು ಹುಡುಗರು, ನಡುವೆ ಒಬ್ಬ ಹುಡುಗಿ, ಹಳದಿ ಬಣ್ಣ ಬಳಿದ ಟಾಂಗಾದ ಮೇಲೆ ಕಾಲು ಚಾಚಿ ಕೂತಿದ್ದಾರೆ. ಆ ಚಿತ್ರದಲ್ಲಿ ಮರ್ಯಾದೆಯಿಂದ ನಿಂತಿರುವುದು ಕುದುರೆಯೊಂದೇ. ‘ಯೆಲ್ಲೋ ಟಾಂಗಾ’ ಅಂತ ಅದರ ಹೆಸರು. ಮುಂಬಯಿಯ ಮಂದಿ, ಪಾಪ್ ಹಾಡುಗಳಂತೆ. ಇಂಥದ್ದನ್ನು ಮುದ್ದೇಬಿಹಾಳದ ಹುಡುಗಿ ಎಲ್ಲಿಂದ ತಂದಳು?

“ಅದನ್ನ ನಿನಗ ಯಾರ ಕೊಟ್ಟಿದ್ರು? ಖರೇ ಹೇಳು. ಕಾಲೇಜಿನ್ಯಾಗ ಯಾರರೆ ಇದ್ರೇನು?”

ಅವಳು ನನ್ನನ್ನು ನೆಟ್ಟಗೆ ನೋಡಿದಳು. ಮದುವೆಯಾದ ಮೇಲೆ ಹಾಗೆ ನೋಡಿದ್ದು ಅದೇ ಮೊದಲು. “ಯಾರೂ ಕೊಟ್ಟಿಲ್ರಿ ಅತ್ತಿ. ಧಾರವಾಡದಾಗ ಸಣ್ಣ ಹುಡುಗ್ಯಾರಿಗೆ ಪಾಠ ಹೇಳಿ ನಾನಽ ತಗೊಂಡಿದ್ದೆ. ನಿಮ್ಮ ಮನಿಗೆ ತಂದಿದ್ರಾಗ ನಂದು ಅಂತ ಅದೊಂದಽ ಇತ್ತರಿ. ಅದರ ಮ್ಯಾಲ ಯಾರ ಹೆಸರೂ ಇರಲಿಲ್ಲ.”

ನನ್ನದು ಅಂತ ಅದೊಂದೇ! ಎರಡು ಟ್ರಂಕು, ಒಂದು ಕಪಾಟು, ಮೂವತ್ತು ಭಾಂಡೆ ತಂದವಳು ಹೇಳುವ ಮಾತೇ ಇದು? ಅವೆಲ್ಲ ಮತ್ತೆ ಚನ್ನವ್ವನವೇ? ಕೊಬ್ಬು. ಚಹಾ ಅರ್ಧ ಬಿಟ್ಟು ಎದ್ದುಬಂದೆ.

೨೯ ಆಗಸ್ಟ್, ಮಂಗಳವಾರ

ಹಲಗೆಯ ಮೇಲಿನ ಭಾಂಡೆ ಎಲ್ಲ ಇಳಿಸಿ ತೊಳೆದೆ. ಶ್ರಾವಣದ ಧೂಳು, ಬೇರೆ ಏನಿಲ್ಲ.

ತೊಳೆಯುತ್ತ ಹೆಸರು ಓದಿದೆ. ಮಾವನವರ ಹೆಸರು, ನಮ್ಮವರ ಹೆಸರು, ಪರಮಾನಂದನ ಹೆಸರು. ಸೊಸೆಯ ತವರಿನಿಂದ ಬಂದವುಗಳ ಮೇಲೂ ಪರಮಾನಂದನದೇ. ದೊಡ್ಡ ತಾಮ್ರದ ಹಂಡೆ ನಾನು ನನ್ನ ಪಗಾರದಲ್ಲಿ ತಂದದ್ದು. ಅದರ ಮೇಲೆ ‘ಮ. ಚ. ಬಿರಾದಾರ’ ಅಂತಿದೆ. ಅದನ್ನು ತಂದಾಗ ನಮ್ಮವರು ತೀರಿಕೊಂಡು ಎರಡು ವರ್ಷ ಆಗಿತ್ತು. ನಾನೇ ಮಶಾಕಸಾಬನ ಮುಂದೆ ನಿಂತು ಸತ್ತವರ ಹೆಸರು ಹೊಡೆಸಿದ್ದೆ. ಶಂಕ್ರೆವ್ವ ಅಂತ ನನ್ನ ಹೆಸರು ಈ ಮನೆಯಲ್ಲಿ ಒಂದು ಚಮಚದ ಮೇಲೂ ಇಲ್ಲ.

ಅದಕ್ಕೇನಂತೆ? ಎಲ್ಲರ ಮನೆಯಲ್ಲೂ ಹಾಗೇ. ಸುಮ್ಮನೆ ಓದಿದೆ, ಅಷ್ಟೆ. ಹಂಡೆ ಮೇಲಿಡುವಾಗ ಕೈ ಜಾರಿ ತಾಟುಗಳ ಮೇಲೆ ಬಿತ್ತು. ಪರಮಾನಂದ ಓಡಿ ಬಂದು ಏನು ಒಡೆಯಿತು ಅಂದ. ಏನೂ ಒಡೆದಿಲ್ಲ, ಹೋಗು ಅಂದೆ.

೨ ಸೆಪ್ಟೆಂಬರ್, ಶನಿವಾರ

ತೀರ್ಮಾನ ಮಾಡಿದೆ. ಅಂಥದ್ದೇ ಇನ್ನೊಂದು ತಂದು ಅವಳ ಮುಂದೆ ಒಗೆಯುತ್ತೇನೆ. ತಗೊ, ನಿನ್ನ ರಿಕಾರ್ಡು, ಇನ್ನಾದರೂ ಬಾಯಿ ಬಿಚ್ಚು ಅನ್ನುತ್ತೇನೆ. ಆಗ ಬರಲಿಲ್ಲವೋ, ತಪ್ಪು ಅವಳದು.

ಮುಂಜಾನೆಯ ಶಾಲೆ ಮುಗಿಸಿ ನೇರ ಬಿಜಾಪುರಕ್ಕೆ ಹೋದೆ. ಗಾಂಧಿ ಚೌಕದ ಹತ್ತಿರ ಎರಡು ರೇಡಿಯೋ ಅಂಗಡಿ ತಿರುಗಿದೆ. ಮೊದಲನೆಯವನು “ಯಾವ ಪುರಾಣದ್ದು ಬೇಕ್ರಿ ತಾಯಿ?” ಅಂದ. ನನ್ನ ತಲೆಯ ಬಿಳಿ ಕೂದಲು ನೋಡಿ ಅಂದದ್ದು. ಯೆಲ್ಲೋ ಟಾಂಗಾ ಅಂದೆ. ಅಂಗಡಿಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಎರಡನೆಯವನಿಗೆ ಹೆಸರು ಗೊತ್ತಿತ್ತು. ಆರು ವರ್ಷದ ಹಿಂದೆ ಬಂದದ್ದು, ಆ ಹುಡುಗರು ಬೇರೆ ಬೇರೆಯಾದರು, ಈಗ ಬರುವುದಿಲ್ಲ ಅಂದ. ಹಳೆಯದು ಬೇಕಾದರೆ ಸಿಂದಗಿಯಲ್ಲಿ ಸ್ಪೀಕರಿನ ಸೋಮನಿಂಗ ಅಂತ ಇದ್ದಾನೆ, ಸೊಲ್ಲಾಪುರದ ಯಾವುದೋ ಕ್ಲಬ್ಬು ಮುಚ್ಚಿದಾಗ ಟ್ರಂಕುಗಟ್ಟಲೆ ಹಳೆಯ ರಿಕಾರ್ಡು ತಂದಿದ್ದಾನೆ, ಅಲ್ಲಿ ನೋಡಿ ಅಂದ.

ಸಿಂದಗಿಯಲ್ಲಿ ಪಾಪ್ ಹಾಡು! ನಾಳೆ ಹೋಗುತ್ತೇನೆ.

೩ ಸೆಪ್ಟೆಂಬರ್, ರವಿವಾರ

ಇದೆ! ಕಣ್ಣಾರೆ ನೋಡಿದೆ. ಕೊಡುವುದಿಲ್ಲವಂತೆ!

ಸೋಮನಿಂಗನ ಅಂಗಡಿ ಬಸ್‌ಸ್ಟ್ಯಾಂಡಿನ ಹಿಂದಿದೆ. ಛತ್ತಿನಿಂದ ಸ್ಪೀಕರಿನ ತಗಡಿನ ಕರ್ಣೆಗಳು ತೂಗುತ್ತಿದ್ದವು. ಅವನ ಅಪ್ಪ ಆಲಮೇಲದ ಕಡೆ ಕುರಿ ಕಾಯುತ್ತಿದ್ದನಂತೆ, ಇವನು ಈಗ ಸುತ್ತಲಿನ ನಲವತ್ತು ಹಳ್ಳಿಯ ಮದುವೆಗೆ ಸ್ಪೀಕರು ಕಟ್ಟುತ್ತಾನೆ. ನನ್ನ ವಯಸ್ಸಿನವನೇ, ದೊಡ್ಡ ರುಮಾಲು, ದೊಡ್ಡ ದನಿ. ಹೆಸರು ಹೇಳಿದ ತಕ್ಷಣ ಟ್ರಂಕಿನ ಎಲ್ಲಕ್ಕೂ ಮೇಲಿದ್ದದ್ದನ್ನು ತೆಗೆದು ತೋರಿಸಿದ. ಅದೇ ಟಾಂಗಾ, ಅದೇ ಕುದುರೆ. ಲಕೋಟೆಯ ಅಂಚಿಗೆ ಪಟ್ಟಿ ಅಂಟಿಸಿದ್ದ.

ಬೆಲೆ ಹೇಳು ಅಂದೆ.

“ಇದನ್ನ ಮಾರೂದಿಲ್ರಿ ಅಕ್ಕೋರ. ಬ್ಯಾರೆ ಯಾವದರೆ ಒಯ್ರಿ.”

“ಯಾಕ? ನಿಮ್ಮ ಹಳ್ಳ್ಯಾಗ ಇದನ್ನ ಯಾರ ಕೇಳತಾರ?”

“ಯಾರೂ ಕೇಳೂದಿಲ್ರಿ, ಅದಕ್ಕಽ ಬೇಕು. ಹಂದರದಾಗ ಕರ್ಣಿ ಕಟ್ಟಿ ಮೊದ್ಲ ಹಚ್ಚಿ ನೋಡಬೇಕಲ್ರಿ, ದನಿ ಹೆಂಗ ಬರತೈತಿ ಅಂತ. ದೇವರ ಹಾಡ ಹಚ್ಚಿದ್ರ ನಡುವ ನಿಲ್ಲಸಾಕ ಬರೂದಿಲ್ಲ, ಪಾಪ ಬರತೈತಿ. ಸಿನಿಮಾ ಹಾಡ ಹಚ್ಚಿ ನಿಲ್ಲಿಸಿದ್ರ ಮಂದಿ ಹೊಡ್ಯಾಕ ಬರತಾರ. ಇದನ್ನ ಹತ್ತ ಸಲ ಹಚ್ಚಿ ಹತ್ತ ಸಲ ನಿಲ್ಲಸ್ರಿ, ಯಾರೂ ಏನೂ ಅನ್ನಾಂಗಿಲ್ಲ. ಐದ ವರ್ಷಾತು. ಈಗ ಕುರಿ ಕಾಯೋರಿಗೂ ಬಾಯಿಪಾಠ ಆಗೈತಿ. ಈ ಹಾಡ ಕೇಳಿತಂದ್ರ ಇನ್ನೊಂದ ತಾಸಿಗೆ ಅಕ್ಕಿಕಾಳ ಬೀಳತಾವು, ಊಟ ಆಗತೈತಿ ಅಂತ ಹೊಲದಾಗಿಂದ ಎದ್ದ ಬರತಾರ.”

ಇವನ ಕರ್ಣೆಯ ಸಲುವಾಗಿ ನನ್ನ ಮನೆ ಮುರಿಯಬೇಕೇ? ಯಾಕೆ ಬೇಕು ಅಂತ ಕೇಳಿದ. ಶಾಲೆಯ ವರ್ಷದ ಗ್ಯಾದರಿಂಗಿಗೆ ಅಂದೆ. ಬೇರೆ ಏನು ಹೇಳಬೇಕಿತ್ತು? ಅವನು ಎರಡೂ ಕೈ ಜೋಡಿಸಿ, “ಸಾಲಿ ಮಕ್ಕಳಿಗಿ ಅಂದ್ರ ಮಾರೂದ್ಯಾಕ್ರಿ? ಗಣಪತಿ ಕಳಿಸೂ ತನಕ ಸಾಧ್ಯಿಲ್ಲ. ಆಮ್ಯಾಲ ಪುಕ್ಕಟ ಒಯ್ರಿ, ಗ್ಯಾದರಿಂಗ ಮುಗಿಸಿ ಮರದಿನ ತಂದ ಕೊಡ್ರಿ” ಅಂದ. ನನ್ನ ಸುಳ್ಳಿಗೆ ನಾನೇ ಸಿಕ್ಕಿಬಿದ್ದೆ. ನಿನ್ನ ರಿಕಾರ್ಡು ನೀನೇ ಇಟ್ಟುಕೊ ಅಂತ ಒದರಿ ಬಂದೆ. ಬಸ್ಸಿನಲ್ಲಿ ಕಿಟಕಿಯ ಸೀಟೂ ಸಿಗಲಿಲ್ಲ.

೯ ಸೆಪ್ಟೆಂಬರ್, ಶನಿವಾರ

ಪರಮಾನಂದ ಊಟಕ್ಕೆ ಕೂತು ಹೇಳಿದ, “ಯವ್ವಾ, ನಾಕ ಮಂದಿ ಹಿರೇರನ್ನ ಕರಕೊಂಡು ಒಂದ ಸಲ ಕೇಳೂನು. ದಸರಾದಾಗ ಬರಲಿಲ್ಲಂದ್ರ ಸೋಡಚೀಟಿ ಕೊಟ್ಟ ಬಿಟ್ಟಬಿಡೂನು. ಚಡಚಣದಾಗ ಒಂದ ಹೆಣ್ಣ ಐತಂತ.”

ಕಚೇರಿಯಲ್ಲಿ ಅರ್ಜಿಗೆ ಷರಾ ಬರೆದ ಹಾಗೆ ಹೇಳಿದ, ಹೇಳಿ ಇನ್ನೊಂದು ರೊಟ್ಟಿ ಹಾಕು ಅಂದ.

“ಆಕಿ ಯಾಕ ಹೋದಳು ಅಂತ ಒಮ್ಮೆರೆ ಕೇಳಿದಿ ಏನು?”

“ಅದರಾಗ ಕೇಳೂದೇನೈತಿ? ಹಾಡಿನ ತಟ್ಟಿ ಕೆಟ್ಟತಂತ ಗಂಡನ್ನ ಬಿಟ್ಟ ಹೋಗಾಕಿ ಎಂಥಾಕಿ? ಅದರ ಮ್ಯಾಲ ಇದ್ದದ್ದು ನನ್ನ ಹೆಸರ, ಮತ್ಯಾರದಲ್ಲ.”

ಇದೇ ಮಾತನ್ನು ನಾನೂ ಮೂರು ವಾರದ ಹಿಂದೆ ಆಡಿದ್ದೆ. ಅವನ ಬಾಯಲ್ಲಿ ಕೇಳಿದಾಗ ಮಾತ್ರ ತಲೆ ಕೆಟ್ಟಿತು. ಕೈಯಲ್ಲಿದ್ದ ಸವುಟನ್ನು ಗೋಡೆಗೆ ಎಸೆದೆ. ಗೋಡೆಗೆ ಬಳಿದ ಸಾರು ನಾನೇ ಒರೆಸಬೇಕಾಯಿತು.

೧೭ ಸೆಪ್ಟೆಂಬರ್, ರವಿವಾರ

ಗಣಪತಿ ಕಳಿಸಿಯಾಯಿತು. ಸಿಂದಗಿಗೆ ಹೋದೆ. ಬಸ್ಸಿನಲ್ಲಿ ಹೊಸ ಸುಳ್ಳುಗಳನ್ನು ಜೋಡಿಸಿಕೊಳ್ಳುತ್ತ ಹೋದೆ, ಇಳಿಯುವ ಹೊತ್ತಿಗೆ ಅವುಗಳ ಮೇಲೂ ಬೇಸರ ಬಂತು. ಸೋಮನಿಂಗ ವೈರು ಸುತ್ತುತ್ತಿದ್ದ. “ಗ್ಯಾದರಿಂಗ ಯಾವಾಗ್ರಿ ಅಕ್ಕೋರ?” ಅಂದ.

“ಗ್ಯಾದರಿಂಗ ಇಲ್ಲ. ಸುಳ್ಳ ಹೇಳಿದ್ದೆ” ಅಂದೆ. ಎಲ್ಲವನ್ನೂ ಹೇಳಿದೆ. ನಿಂತೇ ಹೇಳಿದೆ, ಬೈದ ಹಾಗೆ ಹೇಳಿದೆ. ಚೀಲ ತುಂಬಿಕೊಂಡು ಹೋದದ್ದು, ಮಶಾಕಸಾಬ ನಡೆಯುತ್ತದೆಯೇ ಅಂತ ಕೇಳಿದ್ದು, ನಾನು ಹೊಡಿ ಅಂದದ್ದು, ಕರಿಯ ಭಾಗ ಖಾಲಿ ಕಂಡದ್ದು.

ಅವನು ನಕ್ಕ. ರುಮಾಲು ಜಾರಿ ಬೀಳುವ ಹಾಗೆ ನಕ್ಕ. “ತಂಬಗಿಗೆ ಹೊಡಸಿಧಾಂಗ ಹೊಡಸೀರೇನ್ರಿ! ಅಡ್ರೆಸ್ ಸುದ್ದಾ ಹಾಕಸೀರೇನ್ರಿ!” ಅಂತ ತೊಡೆ ಬಡಿದುಕೊಂಡ. ನನಗೆ ಎಂಥ ಸಿಟ್ಟು ಬಂತೆಂದರೆ, ಅಲ್ಲಿದ್ದ ಕರ್ಣೆ ಎತ್ತಿ ಅವನ ತಲೆಗೆ ಹಾಕುವುದೊಂದು ಬಾಕಿ. ಆಮೇಲೆ ಕಣ್ಣು ಒರೆಸಿಕೊಂಡು ಕೇಳಿದ, “ಹುಡುಗಿ ಏನಂದ್ಲ್ರಿ?”

“ಏನೂ ಅನಲಿಲ್ಲ.”

ಅವನ ನಗೆ ನಿಂತಿತು. “ಏನೂ ಅನಲಿಲ್ಲ ಅಂದ್ರ ಭಾಳ ಆತ್ರಿ” ಅಂದ.

ಎದ್ದು ರಿಕಾರ್ಡನ್ನು ಮಷಿನ್ನಿನ ಮೇಲೆ ಹಾಕಿದ. ಬಾಗಿಲ ಮೇಲಿನ ಕರ್ಣೆಗೆ ವೈರು ಜೋಡಿಸಿದ. “ಒಮ್ಮೆ ಕೇಳ್ರಿ. ಏನ ಕೆಡಿಸೀರಿ ಅನ್ನೂದು ತಿಳೀಲಿ.”

ಟಾಂಗಾದ ಗಂಟೆ ಮೊದಲು ಬಂತು. ಆಮೇಲೆ ಕುದುರೆಯ ಹೆಜ್ಜೆ, ಅದರ ಬೆನ್ನಿಗೇ ಡೋಲು. ಆ ಹುಡುಗಿ ಒಬ್ಬಳೇ ಹಾಡಲು ಶುರು ಮಾಡುತ್ತಾಳೆ, ಓಣಿಯ ಆ ತುದಿಯಲ್ಲಿರುವ ಯಾರನ್ನೋ ಕರೆದ ಹಾಗೆ. ಕೊನೆಗೆ ಹುಡುಗರೂ ದನಿ ಕೂಡಿಸುತ್ತಾರೆ. ಒಂದಕ್ಷರ ಅರ್ಥವಾಗಲಿಲ್ಲ. ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು “ಯಾರ ಮದಿವ್ಯೋ ಸೋಮಣ್ಣ?” ಅಂತ ಕೇಳಿದರು. ಅವನು ಕೈ ಮಾಡಿ ಸುಮ್ಮನಿರಿ ಅಂದ. ಹಾಡು ಮುಗಿಯುವವರೆಗೆ ನಾನೂ ನಿಂತೇ ಇದ್ದೆ. ಇದರ ಮೇಲೆ ನಾನು ಹೆಸರು ಹೊಡೆಸಿದ್ದೆ. ಬಹಳ ಕೆಟ್ಟ ಕೆಲಸ ಮಾಡಿದ್ದೇನೆ.

ಎರಡನೆಯ ಹಾಡು ಶುರುವಾಗುವ ಮೊದಲೇ ಅವನು ಮುಳ್ಳು ಎತ್ತಿ, ರಿಕಾರ್ಡು ಒರೆಸಿ ನನ್ನ ಕೈಗೆ ಕೊಟ್ಟ. ಕೇಳಿದಷ್ಟು ಕೊಟ್ಟೆ, ಚೌಕಾಸಿ ಮಾಡಲಿಲ್ಲ.

“ನಿನ್ನ ಕರ್ಣಿಗಿ ಏನ ಹಚ್ಚತೀಪಾ ಇನ್ನ?”

“ಹಲೋ ಹಲೋ ಅಂತ ನಾನಽ ಒದರತೇನ್ರಿ. ನನಗೂ ಯಾರೂ ಏನೂ ಅನ್ನಾಂಗಿಲ್ಲ.”

೨೧ ಸೆಪ್ಟೆಂಬರ್, ಗುರುವಾರ

ರಿಕಾರ್ಡು ನನ್ನ ಸೀರೆಗಳ ನಡುವೆ ಇದೆ. ಮಷಿನ್ನಿಗೆ ಹಾಕಿಲ್ಲ. ಸೊಸೆ ಕಸ್ತೂರಿಗಿಂತ ಮೊದಲು ಈ ಮನೆಯಲ್ಲಿ ಯಾರೂ ಅದನ್ನು ಕೇಳಬಾರದು.

ಮೂರನೇ ಇಯತ್ತೆಯ ಹುಡುಗಿಯರು ಇವತ್ತು ಕಿಸಿಕಿಸಿ ನಕ್ಕರು. ಮಗ್ಗಿ ಬರೆಸುತ್ತಿದ್ದೆ. ಏನು ನಗುತ್ತೀರಿ ಅಂತ ಮೇಜು ಬಡಿದೆ. ಒಬ್ಬಳು ಎದ್ದು, “ಅಕ್ಕೋರ, ನೀವು ಕುದುರಿ ಓಡಿಸಿದಾಂಗ ಬಾಯಿಲೆ ಸಪ್ಪಳ ಮಾಡಾಕತ್ತಿದ್ರಿ” ಅಂದಳು. ಮಗ್ಗಿಗೆ ಇಲ್ಲದ ಕಿವಿ ಇವರಿಗೆ ಇದಕ್ಕೆ ಇದೆ.

೨೫ ಸೆಪ್ಟೆಂಬರ್, ಸೋಮವಾರ

ಸಿದ್ದವ್ವನ ಕಾಗದ ಬಂತು. ಯಾರ ಕೈಯಲ್ಲೋ ಬರೆಸಿದ್ದಾಳೆ. ಕಸ್ತೂರಿಗೆ ಬಾಗೇವಾಡಿಯ ಒಂದು ಖಾಸಗಿ ಶಾಲೆಯಲ್ಲಿ ಕೆಲಸ ಸಿಕ್ಕಿದೆ, ಅಲ್ಲೇ ಬಾಡಿಗೆಗೆ ಒಂದು ಕೋಲಿ ಹಿಡಿದು ಒಬ್ಬಳೇ ಇದ್ದಾಳೆ, ನೀವೇ ಬುದ್ಧಿ ಹೇಳಬೇಕು, ದೊಡ್ಡವರು.

ಪರಮಾನಂದ ಓದಿ ಕಾಗದವನ್ನು ಮುದ್ದೆ ಮಾಡಿದ. “ಬಿರಾದಾರರ ಸೊಸಿ ಬ್ಯಾರೆ ಊರಾಗ ಒಬ್ಬಾಕಿ ಕೋಲಿ ಹಿಡದ ಇರೂದಂದ್ರ ಏನ? ನಮ್ಮ ಹೆಸರ ಏನಾತು?”

“ಹೆಸರ ಹೆಸರ ಅಂತ ಒದರಬ್ಯಾಡ. ಸಾಕಾಗೇತಿ ನಿಮ್ಮ ಹೆಸರ” ಅಂದೆ. ಅವನು ದಂಗಾಗಿ ನೋಡಿದ.

ಈ ರವಿವಾರ ಬಾಗೇವಾಡಿಗೆ ಹೋಗಿ ಅವಳನ್ನು ಕರೆತರುತ್ತೇನೆ. ರಿಕಾರ್ಡು ಕೊಡುತ್ತೇನೆ, ಕೈ ಹಿಡಿದು ಬಸ್ಸು ಹತ್ತಿಸುತ್ತೇನೆ. ಕಾರ್ಯ ಮುಗಿದ ಹಾಗೆ.

೧ ಅಕ್ಟೋಬರ್, ರವಿವಾರ

ಕೋಲಿ ಅಂದರೆ ಒಬ್ಬರು ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವಷ್ಟು. ಒಂದು ಸ್ಟೋವು, ಒಂದು ಚಾಪೆ, ಒಂದು ಕೊಡ. ಕಸ್ತೂರಿ ಮಕ್ಕಳ ನೋಟುಬುಕ್ಕು ತಿದ್ದುತ್ತಿದ್ದಳು. ನನ್ನನ್ನು ನೋಡಿ ಗಾಬರಿಯಾದಳು, ಸೆರಗು ಸರಿಮಾಡಿಕೊಂಡಳು. ನಾನು ಸೀದಾ ಚೀಲದಿಂದ ತೆಗೆದು ಅವಳ ತೊಡೆಯ ಮೇಲಿಟ್ಟೆ. ಒಗೆಯಲಿಲ್ಲ, ಇಟ್ಟೆ.

ಲಕೋಟೆಯಿಂದ ಹೊರಗೆಳೆದಳು. ಬಾಗಿಲ ಬೆಳಕಿಗೆ ಹಿಡಿದು ಒಂದು ಮಗ್ಗುಲು ನೋಡಿದಳು, ತಿರುವಿ ಇನ್ನೊಂದು ಮಗ್ಗುಲು ನೋಡಿದಳು. ಹೆಸರು ಹುಡುಕುತ್ತಿದ್ದಾಳೆ ಅಂತ ನನಗೆ ತಿಳಿಯಿತು. ಅದನ್ನು ನೋಡುತ್ತ ಕೂಡಲು ನನ್ನಿಂದಾಗಲಿಲ್ಲ.

“ಇದ್ರ ಮ್ಯಾಲ ಏನೂ ಇಲ್ಲ. ಹಳೇದು, ಸವದೈತಿ, ಆದ್ರ ನಿಂದು. ನಾ ಮಾಡಿದ್ದು ತಪ್ಪು. ತಪ್ಪಾತು ಅಂತ ಹೇಳಾಕ ಬಂದೇನಿ, ಹೇಳಿದೆ. ಇನ್ನ ಹಂಗ ತಿರುವಿ ತಿರುವಿ ನೋಡಬ್ಯಾಡ!” ಎಷ್ಟು ಜೋರಾಗಿ ಹೇಳಿದೆನೆಂದರೆ ಮನೆಯ ಮಾಲಕರ ಹೆಂಡತಿ ಬಂದು ಬಾಗಿಲಲ್ಲಿ ಇಣುಕಿದಳು. ಜಗಳ ಅಂದುಕೊಂಡಿರಬೇಕು.

ಕಸ್ತೂರಿ ಅತ್ತಳು. ಅಳುವವರನ್ನು ಕಂಡರೆ ನನಗೆ ಆಗುವುದಿಲ್ಲ. “ಅಳೂದ ಬಿಟ್ಟು ಹಚ್ಚು ಅದನ್ನ. ಮೊದಲನೇ ಹಾಡ ಅಷ್ಟಽ ಕೇಳೇನಿ. ಮುಂದಿನವು ಹೆಂಗ ಅದಾವ ಗೊತ್ತಿಲ್ಲ” ಅಂದೆ.

“ಮಷಿನ್ ಎಲ್ಲೈತ್ರಿ ಅತ್ತಿ? ಅದು ನಿಮ್ಮ ಮನ್ಯಾಗ ಐತೆಲ್ರಿ.”

ನಾಲ್ಕು ಊರು ತಿರುಗಿದವಳಿಗೆ ಇದೊಂದು ಹೊಳೆಯಲಿಲ್ಲ. ನನ್ನ ಬುದ್ಧಿಗಿಷ್ಟು! ನನ್ನನ್ನು ನಾನೇ ಬೈದುಕೊಂಡೆ. ನನ್ನ ಮುಖ ನೋಡಿ ಅಳುತ್ತಿದ್ದವಳು ನಕ್ಕುಬಿಟ್ಟಳು. ಆಮೇಲೆ, “ನಾ ಹೇಳಲೇನ್ರಿ?” ಅಂದಳು.

ಲಕೋಟೆಯನ್ನು ಮೊಣಕಾಲ ಮೇಲಿಟ್ಟು ಬೆರಳಲ್ಲಿ ಬಡಿಯಲು ಶುರು ಮಾಡಿದಳು. ಗಂಟೆ, ಕುದುರೆ, ಡೋಲು, ಎಲ್ಲವನ್ನೂ ಬಾಯಿಯಿಂದಲೇ ಮಾಡಿದಳು. ಆಮೇಲೆ ಹಾಡಿದಳು. ಸಣ್ಣ ದನಿಯಲ್ಲಲ್ಲ, ಕೋಲಿ ತುಂಬುವ ಹಾಗೆ. ಮೊದಲನೆಯದು, ಎರಡನೆಯದು, ಮೂರನೆಯದು. ಒಂದು ಹಾಡಿನ ನಡುವೆ ನಿಂತು, “ಇಲ್ಲಿ ಆ ಹುಡುಗಿ ದನಿ ಇಲ್ರಿ, ಬರೀ ಗಿಟಾರ” ಅಂತ ಹೇಳಿ, ಅದನ್ನೂ ಗುನುಗಿ ಮುಂದೆ ಹೋದಳು. ಒಂದು ಮಗ್ಗುಲು ಮುಗಿದ ಮೇಲೆ, ಮುಂದೆ ಮಷಿನ್ನು ಇದ್ದ ಹಾಗೆಯೇ, ರಿಕಾರ್ಡನ್ನು ಎತ್ತಿ ತಿರುವಿ ಹಾಕಿ ಎರಡನೆಯ ಮಗ್ಗುಲು ಹಾಡಿದಳು. ಹತ್ತು ಹಾಡು. ಮಾಲಕರ ಹೆಂಡತಿ ಅಕ್ಕಿ ಆರಿಸುವ ಮೊರ ಹಿಡಿದು ಹೊಸ್ತಿಲ ಮೇಲೆ ಕೂತೇಬಿಟ್ಟಿದ್ದಳು.

ಬಸ್ಸಿನ ಹೊತ್ತಾಯಿತು. ಕಸ್ತೂರಿ ಸ್ಟ್ಯಾಂಡಿನವರೆಗೆ ಬಂದಳು. ಅಲ್ಲಿ ಅವಳೇ ಕೇಳಿದಳು, “ನಾ ಇಂಡಿಗೆ ಬರಬೇಕಂತೀರೇನ್ರಿ ಅತ್ತಿ?”

ಅದಕ್ಕೇ ಹೋಗಿದ್ದೆ. ಇಡೀ ವಾರ ಆ ಮಾತನ್ನೇ ಜೋಡಿಸಿಕೊಂಡಿದ್ದೆ. ಆದರೆ ಬಾಯಿಂದ ಬಂದದ್ದು ಬೇರೆ. “ಈಗ ಹಾಡಿದೆಲಾ, ಹಂಗ ಅಲ್ಲಿ ಹಾಡತಿ ಏನು?”

ಕಂಡಕ್ಟರ್ ಎರಡು ಸಲ ಸೀಟಿ ಊದಿದ.

“ಆಗಾಂಗಿಲ್ರಿ” ಅಂದಳು.

“ಹಂಗಾರ ಬರಬ್ಯಾಡ” ಅಂದೆ.

ಮನೆ ಮುಟ್ಟಿದಾಗ ಪರಮಾನಂದ ಬಾಗಿಲಲ್ಲೇ ನಿಂತಿದ್ದ. ನನ್ನ ಹಿಂದೆ ಯಾರೂ ಇಲ್ಲದ್ದನ್ನು ನೋಡಿ ಮುಖ ಕೆಂಪು ಮಾಡಿದ. “ಬರಾಂಗಿಲ್ಲ ಅಂದ್ಲೇನು?”

“ಆಕಿ ಅನಲಿಲ್ಲ. ಬರಬ್ಯಾಡ ಅಂತ ನಾನಽ ಹೇಳಿ ಬಂದೇನಿ. ನಿನಗ ಹೆಂಡತಿ ಬೇಕಂದ್ರ ನೀನ ಹೋಗು. ಹಿರೇರನ್ನ ಕರಕೊಂಡಲ್ಲ, ಒಬ್ಬನಽ ಹೋಗು. ಬಾಗಲಾ ಬಡದು ಹೊರಗ ನಿಂದರು. ಒಳಗ ಬಾ ಅಂದ್ರ ಹೋಗು, ಇಲ್ಲಂದ್ರ ತಿರಗಿ ಬಾ.”

“ನಿನಗ ತಲಿ ಕೆಟ್ಟೈತಿ. ಇಡೀ ದಿನಾ ಅಲ್ಲಿ ಏನ ಮಾಡಿದಿ ಮತ್ತ?”

“ಆಕಿ ಹಾಡಿದಳು, ಕೇಳಿದೆ.”

“ಆಕಿಗಿ ಹಾಡಾಕ ಬರತೈತೇನು?” ಅಂದ ಪರಮಾನಂದ.

ಅವನ ಕಪಾಳಕ್ಕೆ ಹೊಡೆಯಲು ಕೈ ಎತ್ತಿದೆ, ಹೊಡೆಯಲಿಲ್ಲ. ಎಂಟು ತಿಂಗಳು ಅವಳು ಈ ಮನೆಯಲ್ಲಿ ರೊಟ್ಟಿ ಬಡಿದಳು. ಅವಳಿಗೆ ಹಾಡು ಬರುತ್ತದೆಂದು ಅವನಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.